ಮುಂದಿನ ಸಾಲಿನ ಟವೆಲ್ಲುಗಳು

ಬೆಳಗಾವಿಯ ಹಿಂದವಾಡಿಯಲ್ಲಿ ಮೈದಾನದ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ. ಚಹಾದ ಕಪ್ಪನ್ನು ಬಸಿಯ ಮೇಲಿಡುತ್ತ, ಇನ್ನು ಇದರ ಬಗ್ಗೆ ಚರ್ಚೆ ಸಾಕು ಎಂಬ ಧಾಟಿಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: ಅಲ್ಲಿ ಬಡವರಿಗೆ ಸಣ್ಣ ಮನೆಗಳನ್ನು ಕಟ್ಟಬೇಕೋ ಬೇಡವೋ ಎಂದು ಸರಕಾರ ಸಭೆ ಕರೆದು ಕೇಳಿತು, ಆದರೆ ಮನೆ ಬೇಕಾದವರು ಒಬ್ಬರೂ ಬರಲಿಲ್ಲ, ಬೇಕಾದವರಿಗೇ ಬೇಡವಾದರೆ ನಾವೇನು ಮಾಡಬೇಕು? ನಾನು ಈ ವಾಕ್ಯವನ್ನು ಒಪ್ಪುವುದಿಲ್ಲ. ಯಾವ ವಾಕ್ಯವನ್ನೂ ಮೊದಲ ಸಲಕ್ಕೇ ಒಪ್ಪುವ ಸ್ವಭಾವ ನನ್ನದಲ್ಲ ಎಂಬುದನ್ನು ನನ್ನ ಮನೆಯವರು ದುಃಖದಿಂದ ದೃಢಪಡಿಸುತ್ತಾರೆ, ಅದು ಬೇರೆ ಮಾತು. ಆದರೆ ಇದನ್ನು ಒಪ್ಪದಿರಲು ನನ್ನ ಬಳಿ ಕಣ್ಣಾರೆ ಕಂಡ ಸಾಕ್ಷ್ಯವಿದೆ. ಅವರು ಬಂದಿದ್ದರು. ಎಲ್ಲರಿಗಿಂತ ಮೊದಲೇ ಬಂದು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿದ್ದರು. ನೋಡುವವರ ಕಣ್ಣಿಗೆ ಮಾತ್ರ ಅವರು ಟವೆಲ್ಲುಗಳಾಗಿ ಕಂಡರು.

ನಗಬೇಡಿ. ಅಥವಾ ನಗುವುದಾದರೆ, ಅದಕ್ಕೂ ಮೊದಲು ನನ್ನ ಜೊತೆ ಒಮ್ಮೆ ಖಾನಾಪುರದ ಸ್ಟೇಷನ್ನಿಗೆ ಬನ್ನಿ. ಮುಂಜಾನೆಯ ಪ್ಯಾಸೆಂಜರ್ ಗಾಡಿ ಲೋಂಡಾದ ಕಡೆಯ ಮಂಜಿನೊಳಗಿಂದ ಮಸುಕು ದೀಪವೊಂದನ್ನು ಮುಂದೆ ಮಾಡಿಕೊಂಡು ಬರುತ್ತಿರುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಹಾಲಿನ ಕ್ಯಾನುಗಳು, ಕಾಲೇಜಿನ ಚೀಲಗಳು, ಉದ್ಯಮಬಾಗದ ಫೌಂಡ್ರಿಗಳಿಗೆ ಹೊರಟವರ ಬುತ್ತಿಗಂಟುಗಳು. ಗಾಡಿ ನಿಲ್ಲುವುದಕ್ಕೆ ಮೊದಲೇ ಹೆಗಲ ಮೇಲಿನ ಟವೆಲ್ಲು ಕೈಗೆ ಬರುತ್ತದೆ. ಒಂದು ಝಾಡಿಸಿ, ಒಂದು ಸುತ್ತಿ, ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ, ಕಿಟಕಿಯ ಸರಳುಗಳ ಸಂದಿಯಿಂದ ಅದನ್ನು ಒಳಗೆ ಎಸೆಯುತ್ತಾರೆ. ಅದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಬೆಳಗಾವಿಯವರೆಗೆ ಅವರದು. ಆಮೇಲೆ ಅವರು ಆರಾಮಾಗಿ ಬೀಡಿ ಮುಗಿಸಿ, ಚಹಾ ಕುಡಿದು, ಬಾಗಿಲಿನ ನೂಕುನುಗ್ಗಲಿನಲ್ಲಿ ಕೊನೆಯವರಾಗಿ ಹತ್ತಿದರೂ ಚಿಂತೆಯಿಲ್ಲ.

ಈ ಶಾಸ್ತ್ರವನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಅದರ ಸೂಕ್ಷ್ಮಗಳಿಗೆ ದೊಡ್ಡ ದೊಡ್ಡ ವಿದ್ವಾಂಸರೂ ತಲೆದೂಗಬೇಕು. ಟವೆಲ್ಲು ನಡೆಯುತ್ತದೆ, ಕರವಸ್ತ್ರ ನಡೆಯುತ್ತದೆ, ಕೊಡೆಯೂ ನಡೆಯುತ್ತದೆ. ಪೇಪರು ನಡೆಯುವುದಿಲ್ಲ, ಯಾಕೆಂದರೆ ಓದುವ ನೆಪದಲ್ಲಿ ಅದನ್ನು ಎತ್ತಿ, ಓದುತ್ತ ಓದುತ್ತ ಅಲ್ಲೇ ಕುಳಿತುಬಿಡುವ ವಿದ್ಯಾವಂತರಿದ್ದಾರೆ. ಎರಡು ಟವೆಲ್ಲುಗಳು ಒಂದರ ಮೇಲೊಂದು ಬಿದ್ದರೆ ಕೆಳಗಿನದೇ ಹಿರಿಯದು. ಕನ್ನಡದ ಟವೆಲ್ಲು, ಮರಾಠಿಯ ಟವೆಲ್ಲು ಎಂಬ ಭೇದ ನಮ್ಮ ಊರಿನ ಮಿಕ್ಕ ಎಲ್ಲ ವಿಷಯಗಳಲ್ಲಿ ಇದ್ದೀತು, ಇದರಲ್ಲಿ ಮಾತ್ರ ನಾನು ಕಂಡಿಲ್ಲ.

ನನಗೆ ಈ ಶಾಸ್ತ್ರದಲ್ಲಿ ಉಪದೇಶ ಕೊಟ್ಟವನು ನನ್ನ ಸೋದರಮಾವ, ಭಾವೂ ಮಾಮಾ. ಅವನನ್ನು ಬಹುವಚನದಲ್ಲಿ ಕರೆದರೆ ಅವನಿಗೇ ಸಿಟ್ಟು, ಹಾಗಾಗಿ ಇಲ್ಲಿಯೂ ಕರೆಯುವುದಿಲ್ಲ. ಈಗ ಹಿಂದವಾಡಿಯಲ್ಲಿ ನಿವೃತ್ತನಾಗಿ ಕುಳಿತಿರುವ ಮಾಮಾ ತನ್ನ ನೌಕರಿಯ ಮೊದಲರ್ಧವನ್ನು ಖಾನಾಪುರದಿಂದ ಬೆಳಗಾವಿಯ ಬ್ಯಾಂಕಿಗೆ ಇದೇ ಗಾಡಿಯಲ್ಲಿ ಓಡಾಡಿ ಕಳೆದವನು. ಅವನದು ಟವೆಲ್ಲಲ್ಲ, ಇಸ್ತ್ರಿ ಮಾಡಿದ ಬಿಳಿಯ ಕರವಸ್ತ್ರ. ಹಗುರವಾದ್ದರಿಂದ ಅದನ್ನು ಎಸೆಯುವುದಕ್ಕೆ ಹೆಚ್ಚಿನ ಕೌಶಲ ಬೇಕು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಸೀಟಿನ ತಂಟೆ ಬಂದಾಗ ಗಾಡಿಯ ಡಬ್ಬಿಯ ಮಂದಿ ಅವನ ಮುಖ ನೋಡುತ್ತಿದ್ದರು. ಬ್ಯಾಂಕಿನಲ್ಲಿ ಅವನು ಕಾರಕೂನ, ಗಾಡಿಯಲ್ಲಿ ನ್ಯಾಯಾಧೀಶ.

ನಾನು ಸಣ್ಣವಳಿದ್ದಾಗ, ಹೊಸ ಪುಸ್ತಕ ಕೊಡಿಸಲು ಒಮ್ಮೆ ಅವನು ನನ್ನನ್ನು ಬೆಳಗಾವಿಗೆ ಕರೆದೊಯ್ದ. ಅವತ್ತು ಅವನ ಕರವಸ್ತ್ರ ಗಾಳಿಗೆ ಸಿಕ್ಕು ಗುರಿ ತಪ್ಪಿತ್ತು. ಇಬ್ಬರೂ ನಿಂತೇ ಹೊರಟೆವು. ನಮ್ಮೆದುರಿನ ಕಿಟಕಿಯ ಬಾಜು ಒಂದು ಸೀಟು ಖಾಲಿ, ಅದರ ಮೇಲೊಂದು ಕೆಂಪು ಅಂಚಿನ ಟವೆಲ್ಲು. ಅದು ನಮ್ಮ ಖಾನಾಪುರದ ಮನೆಯ ನೆರೆಯವರಾದ ಮಲ್ಲಪ್ಪ ಕಾಕಾ ಅವರದೆಂದು ನನಗೆ ಗೊತ್ತಿತ್ತು, ನಮ್ಮ ಎರಡೂ ಮನೆಗಳ ನಡುವಿನ ಹಗ್ಗದ ಮೇಲೆ ಅದು ದಿನಾ ಒಣಗುತ್ತಿತ್ತು. ಅಪ್ಪ ಅಜ್ಜ ಎಲ್ಲರೂ ಕುರಿ ಕಾಯ್ದ ಮನೆತನದಲ್ಲಿ ಕಾರಖಾನೆಗೆ ಹೋದ ಮೊದಲಿಗರು ಕಾಕಾ. ಆಗಷ್ಟೇ ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸಕ್ಕೆ ಸೇರಿದ್ದರು. ಅವತ್ತು ಟವೆಲ್ಲು ಎಸೆದ ಮೇಲೆ ಬುತ್ತಿಗಂಟು ಬೆಂಚಿನ ಮೇಲೆ ಉಳಿದದ್ದು ನೆನಪಾಗಿ ಹಿಂದಕ್ಕೆ ಓಡಿದ್ದಾರೆ. ಬುತ್ತಿ ಸಿಕ್ಕಿತು, ಗಾಡಿ ತಪ್ಪಿತು. ಇಡೀ ಡಬ್ಬಿಗೆ ಅದು ಗೊತ್ತು. ಮಾಲಕರಿಲ್ಲದ ಟವೆಲ್ಲು ಒಂದೇ ಕಿಟಕಿಯ ಬಾಜು ಕುಳಿತು ಗಾಳಿ ತಿನ್ನುತ್ತ ಬೆಳಗಾವಿಗೆ ಹೊರಟಿತ್ತು.

ಕಾಲು ನೋಯುತ್ತಿದ್ದ ನಾನು ಮೆಲ್ಲಗೆ ಆ ಕಡೆ ಸರಿದೆ. ಮಾಮಾ ನನ್ನ ರಟ್ಟೆ ಹಿಡಿದ. "ಅಲ್ಲೆ ಮನಶ್ಯಾ ಕೂತಾನ. ಕಾಣಸೂದಿಲ್ಲೇನ ನಿನಗ?" ಎಂದ.

ಅವನ ದನಿಯಲ್ಲಿ ತಮಾಷೆಯ ಲವಲೇಶವೂ ಇರಲಿಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ನಿಮ್ಮಾಣೆ, ದೇಸೂರು ದಾಟುವಷ್ಟರಲ್ಲಿ ನನಗೂ ಅಲ್ಲಿ ಯಾರೋ ಕುಳಿತಂತೆ ಕಾಣತೊಡಗಿತು. ಬೆಳಗಾವಿಯಲ್ಲಿ ಮಾಮಾ ಆ ಟವೆಲ್ಲನ್ನು ಮಡಚಿ ಘಡಿ ಮಾಡಿ ತನ್ನ ಚೀಲದಲ್ಲಿಟ್ಟುಕೊಂಡ. ಸಂಜೆ ಖಾನಾಪುರದಲ್ಲಿ ಇಳಿದವನೇ ಮನೆಗೂ ಹೋಗದೆ ಅದನ್ನು ಮಲ್ಲಪ್ಪ ಕಾಕಾರ ಕೈಗೆ ಕೊಟ್ಟು ಬಂದ. ಕಾಕಾ ಇವತ್ತಿಗೂ ಆ ಕತೆ ಹೇಳುತ್ತಾರೆ. ಪ್ರತಿ ಸಲವೂ ಅದರಲ್ಲಿ ಜನಜಂಗುಳಿ ಹೆಚ್ಚುತ್ತದೆ, ಮಾಮಾ ಇನ್ನಷ್ಟು ಎತ್ತರವಾಗುತ್ತಾನೆ.

ವರುಷಗಳು ಕಳೆದವು. ಮಾಮಾ ಹಿಂದವಾಡಿಯ ಅಂಚಿನಲ್ಲಿ ಮನೆ ಕಟ್ಟಿಸಿ ಗಾಡಿಯನ್ನು ಬಿಟ್ಟ. ನಾನು ಕಾಲೇಜು ಸೇರಿ ಗಾಡಿಯನ್ನು ಹಿಡಿದೆ. ಅಲ್ಲಿ ನಾನು ಚರ್ಚಾಪಟುವೆಂದು ಹೆಸರಾದೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿ ಎತ್ತಿದ ಮೇಲೆ ಆತ್ಮಸಾಕ್ಷಿಗೆ ಅಲ್ಲಿ ಕೆಲಸವಿಲ್ಲ. ನಾನು ಗೆದ್ದು ತಂದ ಸ್ಟೀಲಿನ ಕಪ್ಪುಗಳಲ್ಲಿ ಅವ್ವ ಸಾಸಿವೆ, ಜೀರಿಗೆ ತುಂಬಿಟ್ಟಿದ್ದಾಳೆ; ಅಂತರ ಕಾಲೇಜು ಪಾರಿತೋಷಕ ಹುಣಸೆಹಣ್ಣಿನ ಪಾಲಾಗಿದೆ. ಗಾಡಿಯಲ್ಲಿ ಮಲ್ಲಪ್ಪ ಕಾಕಾ ನನಗೆ ವಕೀಲವ್ವ ಎಂದು ಹೆಸರಿಟ್ಟರು, ಡಬ್ಬಿಯ ತುಂಬ ಅದೇ ಖಾಯಂ ಆಯಿತು.

ಆಗ ಬಂದದ್ದು ಮೈದಾನದ ಸುದ್ದಿ. ಮಾಮಾನ ಮನೆಯ ಎದುರು, ಉದ್ಯಮಬಾಗದ ದಿಕ್ಕಿಗೆ ಒಂದು ಬಯಲು. ಮುಂಜಾನೆ ನಿವೃತ್ತರು ಅಲ್ಲಿ ಪ್ರದಕ್ಷಿಣೆ ಹಾಕುತ್ತಾರೆ, ಮಧ್ಯಾಹ್ನ ಆಡುಗಳು ಮೇಯುತ್ತವೆ, ಸಂಜೆ ಹುಡುಗರು ಕ್ರಿಕೆಟ್ ಆಡಿ ಎಲ್ಲರ ಕಿಟಕಿಗಳನ್ನೂ ಸಮಾನ ಭಾವದಿಂದ ಒಡೆಯುತ್ತಾರೆ. ಅಲ್ಲಿ ಕಾರಖಾನೆಯ ಕೆಲಸಗಾರರಿಗಾಗಿ ಕಡಿಮೆ ದರದ ಸಣ್ಣ ಮನೆಗಳನ್ನು ಕಟ್ಟಿಸುವ ವಿಚಾರವಿದೆ, ಸಾರ್ವಜನಿಕರು ತಮ್ಮ ಅಭಿಪ್ರಾಯ ತಿಳಿಸಬೇಕು, ಸಭೆ ಬಾಜುವಿನ ಶಾಲೆಯ ಸಭಾಗೃಹದಲ್ಲಿ ಹನ್ನೊಂದು ಗಂಟೆಗೆ ಎಂದು ಪ್ರಕಟಣೆ ಬಂತು. ವಡಗಾವಿಯ ನೇಕಾರರೂ ವಿಚಾರಿಸಲು ಬಂದರಂತೆ. ನಕಾಶೆಯಲ್ಲಿ ಖೋಲಿಯ ಅಳತೆ ನೋಡಿ, ಮಗ್ಗ ಎಲ್ಲಿಡುವುದು ಎಂದು ಕೇಳಿ, ಉತ್ತರ ಸಿಗದೆ ಹೋದರಂತೆ. ಮನೆಯೆಂದರೆ ಮಲಗುವ ಜಾಗವೆಂದು ನಕಾಶೆ ಬರೆದವರು ತಿಳಿದಿದ್ದರು. ವಡಗಾವಿಯಲ್ಲಿ ಮನೆಯೆಂದರೆ ಮಗ್ಗದ ಸುತ್ತ ಉಳಿದ ಜಾಗ. ಹೀಗೆ ಕೊನೆಗೆ ಆ ಮನೆಗಳ ಮೇಲೆ ಖರೇ ಆಸೆ ಇಟ್ಟುಕೊಂಡವರು ಗಾಡಿಯ ಮಂದಿ.

ನನ್ನ ಸ್ಥಿತಿ ವಿಚಿತ್ರವಾಗಿತ್ತು. ಕಾಲೇಜಿನ ದಿನಗಳಲ್ಲಿ ನನ್ನ ಮಧ್ಯಾಹ್ನದ ಊಟ ಮಾಮಾನ ಮನೆಯಲ್ಲಿ. ಮುಂಜಾನೆಯ ಸೀಟು ಕಾಕಾರ ಟವೆಲ್ಲಿನ ಕೃಪೆಯಲ್ಲಿ. ವಿರೋಧಿಗಳ ಅನ್ನ ಉಂಡು, ಪರವಾದಿಗಳ ಸೀಟಿನಲ್ಲಿ ಕುಳಿತು, ಇಬ್ಬರ ಜೊತೆಗೂ ವಾದ ಮಾಡುತ್ತಿದ್ದೆ. ಮಾಮಾ ತನ್ನ ವಾಕಿಂಗ್ ಮಿತ್ರರ ಪರವಾಗಿ ಆಕ್ಷೇಪಗಳನ್ನು ಸಿದ್ಧಮಾಡುತ್ತಿದ್ದ. ನೀರು ಸಾಲುವುದಿಲ್ಲ ಎಂದ. ಎಲ್ಲಿದ್ದರೂ ಅವರು ನೀರು ಕುಡಿಯುವವರೇ ಅಲ್ಲವೇ ಎಂದೆ. ಗಟಾರ ಸಣ್ಣದು ಎಂದ; ದೊಡ್ಡದು ಮಾಡಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ ಎಂದೆ. ಹುಡುಗರಿಗೆ ಆಡಲು ಜಾಗವಿರುವುದಿಲ್ಲ ಎಂದ. ನಿನ್ನೆಯಷ್ಟೇ ಅದೇ ಹುಡುಗರನ್ನು ಬಯ್ದದ್ದು ಯಾರು ಎಂದೆ. ಕೊನೆಗೆ ಅವನು ಎದ್ದು ಪಡಸಾಲೆಯ ಕಿಟಕಿ ತೆರೆದ. ಬಯಲಿನ ಮೇಲಿಂದ ಗಾಳಿ ಬಂತು. ಅಷ್ಟು ವರುಷ ಗಾಡಿಯ ಬಾಗಿಲಲ್ಲಿ ಜೋತಾಡಿ, ಬಾಡಿಗೆಯ ಖೋಲಿಗಳಲ್ಲಿ ಬೆವತು, ಈ ಗಾಳಿಯ ಸಲುವಾಗಿಯೇ ಇಲ್ಲಿ ಜಾಗ ಕೊಂಡದ್ದು ಎಂದ. ಗಾಳಿಗೆ ಸೋತದ್ದನ್ನು ತೋರಿಸಿಕೊಳ್ಳದೆ ಇನ್ನೊಂದು ಚಪಾತಿ ಹಾಕಿಸಿಕೊಂಡೆ.

ಮಲ್ಲಪ್ಪ ಕಾಕಾರ ವಾದವಂತೂ ಇನ್ನೂ ಚಿಕ್ಕದು. ಅವರು ಮನೆ ಬಿಡುವಾಗ ಕತ್ತಲೆ, ಮನೆ ಸೇರುವಾಗ ಕತ್ತಲೆ. ಕೆಲಸ ಜಾಸ್ತಿಯಿದ್ದು ಸಂಜೆಯ ಗಾಡಿ ತಪ್ಪಿದರೆ ಫೌಂಡ್ರಿಯ ಮಣ್ಣಿನ ಗುಡ್ಡೆಯ ಬಾಜು ಮಲಗಬೇಕು. ಒಂದು ದಿನ ಇಡಾಲಹೊಂಡದ ಹತ್ತಿರ, ಆಚೆ ಹೊಲಗಳ ಮೇಲೆ ಬಿಸಿಲು ಬೀಳುತ್ತಿದ್ದುದನ್ನು ನೋಡುತ್ತ ಅಂದರು, "ಬಿಸಿಲಾಗ ನಮ್ಮ ಮನಿ ಹೆಂಗ ಕಾಣತೈತಿ ಅನ್ನೂದು ನನಗ ಸೂಟಿ ದಿನಾ ಅಷ್ಟ ಗೊತ್ತವಾ."

ಓದುಗರೇ, ಒಬ್ಬನಿಗೆ ಗಾಳಿ, ಇನ್ನೊಬ್ಬರಿಗೆ ಬಿಸಿಲು. ಯಾವ ಚೀಟಿ ಎತ್ತಿದರೂ ಚರ್ಚೆ ಗೆಲ್ಲಬಹುದು. ಮೈದಾನ ಮಾತ್ರ ಒಂದೇ ಇತ್ತು.

ಇನ್ನು ಸಭೆ. ಕೆಲಸದ ದಿನ, ಹನ್ನೊಂದು ಗಂಟೆ. ಲೋಕದಲ್ಲಿ ಆ ಹೊತ್ತಿಗೆ ಅಭಿಪ್ರಾಯ ಹೇಳಲು ಪುರಸೊತ್ತಿರುವವರು ನಿವೃತ್ತರು ಮತ್ತು ಕಾಲೇಜು ತಪ್ಪಿಸುವವರು. ಫೌಂಡ್ರಿಯಲ್ಲಿ ಎಷ್ಟು ಕೇಳಿದರೂ ಊಟದ ಸೂಟಿಯಲ್ಲಿ ಹೋಗಿ ಬನ್ನಿ ಎಂದರೇ ಹೊರತು ಅದಕ್ಕಿಂತ ಮೊದಲು ಬಿಡಲು ಒಪ್ಪಲಿಲ್ಲ. ಗಾಡಿಯಲ್ಲಿ ನಾನು ಉತ್ಸಾಹದಿಂದ, ಹಾಗಾದರೆ ನಿಮ್ಮ ಪರವಾಗಿ ನಾನೇ ಮಾತಾಡುತ್ತೇನೆ, ಅಂಶಗಳೆಲ್ಲ ತಯಾರಿವೆ ಎಂದೆ. ಕಾಕಾ ನಕ್ಕರು. "ನೀ ಏನೂ ಮಾತಾಡಬ್ಯಾಡವಾ ವಕೀಲವ್ವ. ನಾವು ಜಾಗಾ ಹಿಡದ ಇಡತೀವಿ. ನಮ್ಮ ಮಾತು ನಾವ ಬಂದ ಹೇಳತೀವಿ" ಎಂದರು. ಅವರು ಜಾಗ ಹಿಡಿಯುವುದು ಹೇಗೆಂದು ನಿಮಗೀಗ ಗೊತ್ತೇ ಇದೆ. ಮುಂಜಾನೆ ಗಾಡಿ ಇಳಿದು ಉದ್ಯಮಬಾಗಕ್ಕೆ ನಡೆಯುವ ದಾರಿಯಲ್ಲಿ ಅವರೆಲ್ಲ ಶಾಲೆಗೆ ಹೊರಳಿದರು. ಶಾಲೆಯ ಸಿಪಾಯಿ ಆಗಷ್ಟೇ ಬಾಗಿಲು ತೆರೆದು ಕಸ ಹೊಡೆಯುತ್ತಿದ್ದ. ಮುಂದಿನ ಸಾಲುಗಳ ಕುರ್ಚಿಗಳ ಮೇಲೆ ಒಬ್ಬೊಬ್ಬರೂ ತಮ್ಮ ಟವೆಲ್ಲು ಹಾಸಿದರು. ಕೆಂಪು ಅಂಚಿನದು ನಟ್ಟನಡುವೆ, ಸಾಹೇಬರ ಮೇಜಿಗೆ ಎದುರಾಗಿ. ಆಮೇಲೆ ನಿಶ್ಚಿಂತರಾಗಿ ಕೆಲಸಕ್ಕೆ ಹೋದರು.

ನಾನು ಹೋಗುವಷ್ಟರಲ್ಲಿ ಹಿಂದವಾಡಿಯ ಹಿರಿಯರು ಬಂದು ಬಾಗಿಲಲ್ಲಿ ಗೊಂದಲಕ್ಕೊಳಗಾಗಿ ನಿಂತಿದ್ದರು. ಒಬ್ಬರು ಮುಂದಿನ ಕುರ್ಚಿಯ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಲು ಬಾಗಿದರು. ಮಾಮಾ ಅವರನ್ನು ತಡೆದು, ಅವು ಮಂದಿ ಹಿಡಿದ ಜಾಗ, ನಾವು ಹಿಂದೆ ಕೂಡೋಣ ಎಂದ. ಎಲ್ಲರೂ ಹಿಂದೆ ಹೋದರು. ಜಾಗ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ನನಗೆ ಹೆಮ್ಮೆಯಾಯಿತು. ವಿರೋಧ ಪಕ್ಷದ ನಾಯಕ ಎಂದರೆ ಹೀಗಿರಬೇಕು ಎಂದುಕೊಂಡೆ.

ಅಧಿಕಾರಿಗಳು ದಕ್ಷಿಣದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಸಜ್ಜನರು. ಆಕ್ಷೇಪಗಳನ್ನೆಲ್ಲ ತಾಳ್ಮೆಯಿಂದ ಕೇಳಿದರು. ನೀರು, ಗಟಾರ, ಹುಡುಗರು, ಎಲ್ಲ ಬಂದವು. ಗಾಳಿಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಳಿಕ ಅವರು ಯೋಜನೆಯ ಪರವಾಗಿ ಮಾತಾಡುವವರು ಯಾರು ಎಂದು ಕೇಳಿದರು. ಮುಂದಿನ ಸಾಲು ಸುಮ್ಮನಿತ್ತು. ಅಧಿಕಾರಿಗಳು ಆಗಷ್ಟೇ ಟವೆಲ್ಲುಗಳನ್ನು ಸರಿಯಾಗಿ ನೋಡಿದ್ದೆಂದು ತೋರುತ್ತದೆ. ಇಷ್ಟು ಹೊತ್ತು, ಧೂಳು ಹತ್ತದಿರಲೆಂದು ಶಾಲೆಯವರು ಹಾಸಿದ್ದಾರೆ ಎಂದೇ ತಿಳಿದಿದ್ದರಂತೆ.

ನಾನು ಎದ್ದು ನಿಂತೆ. ಕಾಕಾ ಬೇಡವೆಂದದ್ದು ಅವರ ಮಾತನ್ನು ಆಡಬೇಡ ಎಂದು. ಅವರು ಬರುತ್ತಾರೆಂದು ಹೇಳಬೇಡ ಎಂದಲ್ಲ. ಹೀಗೆ ಕಾಯ್ದೆಯ ಸಂದಿಯಲ್ಲಿ ನುಸುಳುವುದು ನನಗೆ ರೂಢಿ. ಈ ಟವೆಲ್ಲುಗಳು ಇಂಥವರವು, ಇವರು ಉದ್ಯಮಬಾಗದಿಂದ ಊಟದ ಸೂಟಿಗೆ ಬರುತ್ತಾರೆ, ನಮ್ಮ ಕಡೆ ಟವೆಲ್ಲು ಹಾಸಿದರೆ ಮನುಷ್ಯ ಕುಳಿತಂತೆಯೇ ಲೆಕ್ಕ, ಆದ್ದರಿಂದ ಅವರು ಬರುವ ತನಕ ಸಭೆ ಮುಗಿಯಬಾರದು ಎಂದು ವಿನಂತಿಸಿದೆ. ಸಭಾಗೃಹ ನಕ್ಕಿತು. ಕೆಟ್ಟ ನಗುವೇನಲ್ಲ, ಗಾಡಿಯಲ್ಲಿ ತಾವೂ ಟವೆಲ್ಲು ಎಸೆದವರು ಆ ನಗುವಿನಲ್ಲಿದ್ದರು. ನನ್ನ ಕಪ್ಪುಗಳೆಲ್ಲ ಆ ಕ್ಷಣದಲ್ಲಿ ಸಾಸಿವೆ ಡಬ್ಬಿಗಳಾಗಿಯೇ ಉಳಿದವು. ಆದರೆ ಅಧಿಕಾರಿಗಳು ನಗಲಿಲ್ಲ. ಅವರು ಹಿರಿಯರಂತೆ ಕಂಡ ಮಾಮಾನ ಕಡೆ ತಿರುಗಿ, "ಹೌದಾ ಸಾರ್? ನಿಮ್ಮ ಕಡೆ ಹೀಗೊಂದು ಪದ್ಧತಿ ಇದೆಯಾ?" ಎಂದು ಕೇಳಿದರು.

ಮಾಮಾ ಚಾಳೀಸು ತೆಗೆದ. ಕಿಸೆಯಿಂದ ಇಸ್ತ್ರಿಯ ಬಿಳಿ ಕರವಸ್ತ್ರ ತೆಗೆದು ಗಾಜನ್ನು ಒರೆಸಿದ. ಮುಂದಿನ ಸಾಲಿನ ಕೆಂಪು ಅಂಚನ್ನು ಅವನು ಗುರುತಿಸಿದ್ದನೆಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಗಾಡಿಯೊಳಗ ಅದ ರೀ, ಸಾಹೇಬ್ರ" ಎಂದ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ವಾದದಲ್ಲಿ ಇಂಥ ಉತ್ತರ ಕೊಟ್ಟವರಿಗೆ ನಾನೇ ಎಷ್ಟೋ ಸಲ ಮನಸಾರೆ ಚಪ್ಪಾಳೆ ತಟ್ಟಿದ್ದೇನೆ. ಅಧಿಕಾರಿಗಳು ತುಸು ಹೊತ್ತು ಕಾದರು, ಗಡಿಯಾರ ನೋಡಿದರು, ಮಧ್ಯಾಹ್ನ ಇನ್ನೊಂದು ತಾಲೂಕಿನಲ್ಲಿ ಸಭೆಯಿದೆ ಎಂದು ವಿಷಾದದಿಂದ ಹೇಳಿ, ಪರವಾಗಿ ಯಾರೂ ಹಾಜರಿಲ್ಲ ಎಂದು ಬರೆಸಿ ಎದ್ದರು. ಸಿಪಾಯಿ ಬಂದು ಟವೆಲ್ಲುಗಳನ್ನು ಮುದ್ದೆ ಮಾಡಿ ಬಗಲಿಗೆ ಇರುಕಿಕೊಳ್ಳುತ್ತಿದ್ದ. ಎಲ್ಲರೂ ಹೊರಟ ಮೇಲೂ ಉಳಿದಿದ್ದ ಮಾಮಾ ಅವನ ಕೈಯಿಂದ ಅವನ್ನು ಇಸಿದುಕೊಂಡು, ಒಂದೊಂದನ್ನೇ ಝಾಡಿಸಿ, ಅಂಚಿಗೆ ಅಂಚು ಹಚ್ಚಿ ಘಡಿ ಮಾಡಿ, ಹೊರಗಿನ ಕಟ್ಟೆಯ ಮೇಲೆ ಒಟ್ಟಿ ಇಟ್ಟ. ಕೆಂಪು ಅಂಚಿನದನ್ನು ಎಲ್ಲಕ್ಕಿಂತ ಮೇಲೆ. ನನ್ನ ಕಡೆ ನೋಡದೆ ಮನೆಗೆ ನಡೆದ.

ನಾನು ಕಟ್ಟೆಯ ಮೇಲೆ ಕುಳಿತೆ. ಅವರು ಓಡುತ್ತಲೇ ಬಂದರು. ಮೊಣಕೈ ತನಕ ಕರಿಮಣ್ಣು, ಹಣೆಯ ಮೇಲೂ ಕರಿಮಣ್ಣು, ಬಾಗಿಲಿಗೆ ಬೀಗ. ನಾನು ನಡೆದದ್ದನ್ನು ಹೇಳಿದೆ, ಮಾಮಾನ ಆ ಒಂದು ವಾಕ್ಯ ಬಿಟ್ಟು. ಸಾಹೇಬ ಪರ ಊರವ, ಅವಗೇನು ಗೊತ್ತು ಎಂದು ಯಾರೋ ಅಂದರು, ಉಳಿದವರು ಹೌದೆಂದರು. ಗಾಡಿಯಲ್ಲಿ ಅಂದಿನಿಂದ ಚಾಲ್ತಿಯಲ್ಲಿರುವುದು ಈ ಪಾಠಾಂತರ. ಹಿಂದವಾಡಿಯದಷ್ಟೇ ಅರ್ಧ ಖರೇ, ಅಷ್ಟೇ ಸಮಾಧಾನಕರ. ಮಲ್ಲಪ್ಪ ಕಾಕಾ ತಮ್ಮ ಟವೆಲ್ಲನ್ನು ಎತ್ತಿಕೊಂಡರು. ಮುಖ ಒರೆಸಲು ಬಿಚ್ಚಲು ಹೋದವರು ಬಿಚ್ಚಲಿಲ್ಲ.

"ಯಾರೋ ಭಾಳ ಛಂದ ಘಡಿ ಮಾಡ್ಯಾರ" ಎಂದರು. ಬುತ್ತಿ ಬಿಚ್ಚಲು ಹೊತ್ತಿಲ್ಲದೆ ಹಾಗೆಯೇ ಹಿಂದಿರುಗಿ ಓಡಿದರು.

ಮನೆಗಳು ಊರಿನ ಇನ್ನೊಂದು ತುದಿಗೆ ಹೋದವು. ಅಲ್ಲಿಂದ ಉದ್ಯಮಬಾಗಕ್ಕೆ ಎರಡು ಬಸ್ಸು ಬದಲಿಸಬೇಕು, ಅದಕ್ಕಿಂತ ಗಾಡಿಯೇ ಮೇಲು ಎಂದು ಕಾಕಾ ಖಾನಾಪುರದಲ್ಲೇ ಉಳಿದರು. ಮೈದಾನ ಮೈದಾನವಾಗಿಯೇ ಇದೆ. ಗಾಳಿಯೂ ಬರುತ್ತದೆ. ಆದರೆ ಈಚೆಗೆ ಆ ಕಿಟಕಿಯನ್ನು ಮಾಮಾ ತೆರೆಯುವುದು ಕಡಿಮೆ. ಕೇಳಿದರೆ ಧೂಳು ಎನ್ನುತ್ತಾನೆ. ನಾನೂ ಕೇಳುವುದು ಕಡಿಮೆ. ವಾದ ಮಾಡುವವರಿಗೆ ಒಂದು ಶಾಪವಿದೆ: ಎದುರಿನವರ ತರ್ಕದ ಬಿರುಕು ಕಂಡರೆ ಕೈ ಹಾಕದೆ ಇರಲಾಗುವುದಿಲ್ಲ. ಆದರೂ ಅಷ್ಟು ದಿನ ನಾನು ಸುಮ್ಮನಿದ್ದೆ. ಯಾಕೆಂದರೆ ಗಾಡಿಯಲ್ಲಿ ನನ್ನ ರಟ್ಟೆ ಹಿಡಿದ ಕೈಯೇ ನನಗೆ ಇನ್ನೂ ಹೆಚ್ಚು ನೆನಪಿತ್ತು.

ಮೊನ್ನೆ ಅಜ್ಜನ ತಿಥಿಗೆಂದು ನಾನೂ ಮಾಮಾನೂ ಬೆಳಗಾವಿಯಿಂದ ಖಾನಾಪುರಕ್ಕೆ ಸಂಜೆಯ ಪ್ಯಾಸೆಂಜರಿನಲ್ಲಿ ಹೊರಟೆವು. ಎಷ್ಟೋ ಕಾಲದ ಮೇಲೆ ಮಾಮಾ ಕರವಸ್ತ್ರ ಎಸೆದ, ಗುರಿ ತಪ್ಪಲಿಲ್ಲ. ಒಳಗೆ ಹೋಗಿ ಕುಳಿತರೆ ನಮ್ಮೆದುರಿನ ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್ಲು, ತೊಳೆದು ತೊಳೆದು ಅಂಚು ಈಗ ಗುಲಾಬಿಗೆ ತಿರುಗಿದೆ. ಬೆನ್ನಿಗೆ ದೊಡ್ಡ ಚೀಲ ಹೊತ್ತ ಪರಊರಿನ ತರುಣನೊಬ್ಬ ಅದನ್ನು ಸರಿಸಿ ಕೂಡಲು ಬಂದ. ಮಾಮಾ ತಟ್ಟನೆ ಮುಂದೆ ಬಾಗಿ ಟವೆಲ್ಲಿನ ಮೇಲೆ ಅಂಗೈ ಊರಿದ. ಮಂದಿ ಇದ್ದಾರೆ ಎಂದ. ಗಾಡಿ ಅಲುಗುವವರೆಗೆ ಕೈ ತೆಗೆಯಲಿಲ್ಲ.

ಮಲ್ಲಪ್ಪ ಕಾಕಾ ನಲ್ಲಿಯ ನೀರು ತುಂಬಿಕೊಂಡು ಓಡುವ ಗಾಡಿಗೆ ಹತ್ತಿ ಬಂದರು. ಮಾಮಾನನ್ನು ಕಂಡು ಅವರ ಮುಖ ಅರಳಿತು. "ನೀವ ಅದೀರಿ ಅಂದ್ರ ನನ್ನ ಟವೆಲ್ಲಿಗೆ ಏನ ಭಯಾ ಇಲ್ಲ ಬಿಡ್ರಿ, ರಾಯರ" ಎಂದರು. ಡಬ್ಬಿಗೆಲ್ಲ ಕೇಳುವಂತೆ ಆ ಹಳೆಯ ಕತೆಯನ್ನು ಇನ್ನೊಮ್ಮೆ ಹೇಳಿದರು. ದೇಸೂರು ಬರುವಷ್ಟರಲ್ಲಿ ದಣಿದ ಅವರ ತಲೆ ಕಿಟಕಿಯ ಸರಳಿಗೆ ಒರಗಿ, ಬಾಯಿ ತುಸು ತೆರೆದು, ನಿದ್ದೆ ಹತ್ತಿತು.

ಹೊರಗೆ ಹೊಲಗಳ ಮೇಲಿನ ಬಿಸಿಲು ಇಳಿಯುತ್ತಿತ್ತು. ಮಾಮಾ ಅದನ್ನೇ ನೋಡುತ್ತಿದ್ದ. ನಾನು ಅವನ ಕಿವಿಗಷ್ಟೇ ಕೇಳುವಂತೆ ಕೇಳಿದೆ:

"ಪದ್ಧತಿ ಗಾಡಿಯೊಳಗ ಅಷ್ಟ ಇದ್ರ, ಅವತ್ತ ಸಭಾದಾಗ ಆ ಟವೆಲ್ ಮ್ಯಾಲೆ ನೀ ಯಾಕ ಕೂಡಲಿಲ್ಲ, ಮಾಮಾ?"